ಠಕ್ಕನ ಬಾಯಿ, ಕ್ಯಾಪ್ಟನ್ನನ ಹೆಸರು

ಸಿಕಂದರಾಬಾದಿನ ಉತ್ತರಕ್ಕೆ ಬೊಲ್ಲಾರಂ ಇದೆ. ರಾಷ್ಟ್ರಪತಿಗಳು ದಕ್ಷಿಣಕ್ಕೆ ಬಂದಾಗ ತಂಗುವ ರಾಷ್ಟ್ರಪತಿ ನಿಲಯ ಇರುವುದು ಅಲ್ಲೇ. ಇನ್ನೂರು ವರ್ಷಗಳ ಹಿಂದೆ ಅದು ದಂಡು ಪ್ರದೇಶ. ನಿಜಾಮನ ಖಜಾನೆಯಿಂದ ಸಂಬಳ ಪಡೆದು, ಬ್ರಿಟಿಷ್ ರೆಸಿಡೆಂಟನ ಮಾತು ಕೇಳುವ ಸೈನ್ಯ ಅಲ್ಲಿ ಬೀಡುಬಿಟ್ಟಿತ್ತು. 1832ರ ಹೊತ್ತಿಗೆ ಆ ಸೈನ್ಯದ ಒಬ್ಬ ತರುಣ ಅಧಿಕಾರಿ, ಕವಾಯತಿನ ಕೆಲಸ ಮುಗಿಸಿ, ಕೋಳ ಹಾಕಿದ ಕೈದಿಗಳ ಎದುರು ಕಾಗದ ಹಿಡಿದು ಕೂರುತ್ತಿದ್ದ. ಅವರು ಹೇಳುತ್ತಿದ್ದರು, ಇವನು ಬರೆದುಕೊಳ್ಳುತ್ತಿದ್ದ. ಯಾವ ಹಾದಿಯಲ್ಲಿ ಯಾವ ಪ್ರಯಾಣಿಕರ ಜೊತೆ ಸ್ನೇಹ ಬೆಳೆಸಿದೆವು, ಎಷ್ಟು ದಿನ ಜೊತೆಗೆ ನಡೆದೆವು, ಯಾವ ತೋಪಿನಲ್ಲಿ ರುಮಾಲು ಬಿಗಿದೆವು, ಹೆಣಗಳನ್ನು ಎಲ್ಲಿ ಹೂಳಿದೆವು. ದಿನವೂ ಅದೇ ಕತೆ, ಬೇರೆ ಬೇರೆ ಹೆಸರುಗಳೊಂದಿಗೆ. ಎಲ್ಲವೂ ಒಂದೇ ತೆರನಾದ ಕೊಲೆಗಳಾದರೂ ಕೇಳುವುದನ್ನು ಬಿಡಲಾಗಲಿಲ್ಲ ಎಂಬರ್ಥದ ಮಾತನ್ನು ಆ ಅಧಿಕಾರಿ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡ.

ಅವನ ಹೆಸರು ಫಿಲಿಪ್ ಮೆಡೋಸ್ ಟೇಲರ್. ಕಲ್ಯಾಣ ಕರ್ನಾಟಕದ ಓದುಗರಿಗೆ ಈ ಹೆಸರು ಹೊಸದಲ್ಲ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದವರಿಗಂತೂ ಅವನ ಪರಿಚಯ ಇದ್ದೇ ಇರುತ್ತದೆ. ಆದರೆ ಸುರಪುರಕ್ಕೆ ಬರುವ ಮೊದಲೇ ಅವನು ಲಂಡನ್ನಿನಲ್ಲಿ ಹೆಸರು ಮಾಡಿದ್ದ. 1839ರಲ್ಲಿ ಪ್ರಕಟವಾದ ಅವನ ಮೊದಲ ಕಾದಂಬರಿ ‘ಕನ್‌ಫೆಷನ್ಸ್ ಆಫ್ ಎ ಠಗ್’ ಹೈದರಾಬಾದಿನ ಸೀಮೆಯಲ್ಲಿ ಹುಟ್ಟಿ ಅಚ್ಚಿನ ಮನೆಯವರೆಗೆ ಹೋದ ಬಗೆಯೇ ಒಂದು ಕತೆ. ಪುಸ್ತಕವೊಂದು ಹೊರಬರಬೇಕಾದರೆ ಪ್ರತಿಭೆಯ ಜೊತೆಗೆ ಇನ್ನೂ ಏನೇನು ಕೂಡಿಬರಬೇಕು, ಮತ್ತು ಕೂಡಿಬಂದಾಗ ಯಾರ ಹೆಸರು ಮುಖಪುಟಕ್ಕೆ ಏರುತ್ತದೆ, ಯಾರದು ಏರುವುದಿಲ್ಲ ಎಂಬುದು ಅದರಲ್ಲಿದೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಿ, ವ್ಯಾಪಾರ ಕೈಕೊಟ್ಟಿತು. ಹದಿನೈದರ ಹುಡುಗನನ್ನು 1824ರಲ್ಲಿ ಮುಂಬಯಿಯ ಒಬ್ಬ ವರ್ತಕನ ಬಳಿ ಗುಮಾಸ್ತನಾಗಿರಲು ಹಡಗು ಹತ್ತಿಸಿದರು. ಇಲ್ಲಿಗೆ ಬಂದು ನೋಡಿದರೆ ಆ ವರ್ತಕನೂ ದಿವಾಳಿಯ ಅಂಚಿನಲ್ಲಿದ್ದ. ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನೆಂಟನೊಬ್ಬ ಕೈಹಿಡಿದು, ನಿಜಾಮನ ಸೈನ್ಯದಲ್ಲಿ ಕೆಲಸ ಕೊಡಿಸಿದ. ಇದು ಈಸ್ಟ್ ಇಂಡಿಯಾ ಕಂಪನಿಯ ನೇರ ನೌಕರಿ ಅಲ್ಲ. ಕಂಪನಿಯ ಅಧಿಕಾರಿಗಳ ಕಣ್ಣಿನಲ್ಲಿ ನಿಜಾಮನ ಅಧಿಕಾರಿಗಳು ಒಂದು ಮೆಟ್ಟಿಲು ಕೆಳಗಿನವರು. ಆ ಕೀಳರಿಮೆ ಟೇಲರನನ್ನು ಕೊನೆಯವರೆಗೂ ಬಿಡಲಿಲ್ಲ. ಅದೇ ಅವನಿಗೆ ವರವೂ ಆಯಿತು. ಕಂಪನಿಯ ದೊಡ್ಡ ಊಟದ ಮೇಜುಗಳು ದೂರವಿದ್ದುದರಿಂದ ಅವನು ಊರಿನ ಮಾತನ್ನು ಕಲಿತ. ಹಿಂದುಸ್ತಾನಿ, ಮರಾಠಿ ಎರಡೂ ಬಂದವು. 1832ರಲ್ಲಿ ಮದುವೆಯಾದದ್ದು ಮೇರಿ ಪಾಮರಳನ್ನು. ಆಕೆಯ ತಂದೆ ವಿಲಿಯಂ ಪಾಮರ್, ಒಂದು ಕಾಲಕ್ಕೆ ನಿಜಾಮನ ಸರ್ಕಾರಕ್ಕೇ ಭಾರೀ ಬಡ್ಡಿಗೆ ಸಾಲ ಕೊಟ್ಟು, ಆಮೇಲೆ ಮುಳುಗಿದ ಹೈದರಾಬಾದಿನ ಸಾಹುಕಾರ. ಅವನ ತಾಯಿ ಫೈಜ್ ಬಕ್ಷ್, ಮೊಗಲ್ ಹಿನ್ನೆಲೆಯ ಮುಸ್ಲಿಂ ಮಹಿಳೆ. ಅಂದರೆ ಟೇಲರ್ ಅಳಿಯನಾಗಿ ಕಾಲಿಟ್ಟ ಮನೆಯಲ್ಲಿ ಎರಡು ಲೋಕಗಳೂ ಇದ್ದವು.

ಮದುವೆಗೆ ಮೊದಲು, 1820ರ ದಶಕದ ಕೊನೆಯಲ್ಲಿ, ಅವನು ಹೈದರಾಬಾದಿನ ಪಶ್ಚಿಮದ ಸೀಮೆಯಲ್ಲಿ ಪೊಲೀಸ್ ಕೆಲಸ ಮಾಡಿದ್ದ. ದಾರಿಹೋಕರು ಕಾಣೆಯಾಗುತ್ತಿರುವ ಸುದ್ದಿಗಳು ಆಗಲೇ ಕಿವಿಗೆ ಬಿದ್ದಿದ್ದವು. ಎಳೆ ಹಿಡಿದು ಹೊರಡುವಷ್ಟರಲ್ಲಿ ಪಲ್ಟಣಕ್ಕೆ ವಾಪಸು ಬರಬೇಕೆಂಬ ಹುಕುಂ ಬಂತು. ಸ್ವಲ್ಪ ಕಾಲದಲ್ಲೇ ಸಾಗರದ ಕಡೆ ವಿಲಿಯಂ ಸ್ಲೀಮನ್ ಠಗ್ಗರ ಗುಂಪುಗಳನ್ನು ಹಿಡಿದು ಖ್ಯಾತನಾದ. ಅಲ್ಲೇ ಬಿಟ್ಟಿದ್ದರೆ ಆ ಕೀರ್ತಿ ನನ್ನದಾಗುತ್ತಿತ್ತು ಎಂಬ ಕೊರಗು ಟೇಲರನ ಆತ್ಮಕಥೆಯಲ್ಲಿ ಉಳಿದಿದೆ. ಸ್ಲೀಮನ್ ಹಿಡಿದವರಲ್ಲಿ ಕೆಲವರನ್ನು, ತಮ್ಮ ಹಳೆಯ ಸಂಗಾತಿಗಳನ್ನು ಗುರುತಿಸಲೆಂದು, ಹೈದರಾಬಾದಿಗೆ ಕಳಿಸಿದರು. ನಿಜಾಮನ ಸೀಮೆಯಲ್ಲಿ ಈ ಕಾರ್ಯಾಚರಣೆ ನಡೆಸುತ್ತಿದ್ದವನು ಕ್ಯಾಪ್ಟನ್ ರೆನಾಲ್ಡ್ಸ್. ಹೇಳಿಕೆಗಳನ್ನು ಬರೆದುಕೊಳ್ಳಲು ಜನ ಸಾಲದೆ ಇದ್ದಾಗ ಟೇಲರ್ ತಾನಾಗಿಯೇ ಮುಂದೆ ಬಂದ. ಅವನ ಮೊದಲ ಕಾದಂಬರಿಯ ಮೊದಲ ಕರಡು ಹೀಗೆ ಸರ್ಕಾರಿ ಕಾಗದದ ಮೇಲೆ ತಯಾರಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೈದಿಗಳು ಯಾಕೆ ಅಷ್ಟೊಂದು ಮಾತಾಡುತ್ತಿದ್ದರು? ಅವರು ಮಾಫಿ ಸಾಕ್ಷಿಗಳು. ಹೇಳಿದರೆ ನೇಣು ತಪ್ಪುತ್ತಿತ್ತು. ಹೆಚ್ಚು ಹೇಳಿದಷ್ಟು, ಹೆಚ್ಚು ಜನರನ್ನು ತೋರಿಸಿಕೊಟ್ಟಷ್ಟು ಅವರ ಬೆಲೆ ಏರುತ್ತಿತ್ತು. 1836ರ 30ನೇ ಕಾಯ್ದೆ ಬಂದ ಮೇಲೆ ಒಬ್ಬ ಇಂಥದ್ದೇ ಕೊಲೆ ಮಾಡಿದ ಎಂದು ಸಾಬೀತು ಮಾಡಬೇಕಾದ ಅಗತ್ಯವೂ ಉಳಿಯಲಿಲ್ಲ. ಠಗ್ಗರ ಗುಂಪಿಗೆ ಸೇರಿದವನು ಎಂದಷ್ಟೇ ತೋರಿಸಿದರೆ ಜೀವಾವಧಿ ಕಠಿಣ ಸಜೆ. ಟೇಲರ್ ತನ್ನ ಪುಸ್ತಕದ ಪೀಠಿಕೆಯಲ್ಲೇ ರೆನಾಲ್ಡ್ಸ್ ಕೊಟ್ಟ ಲೆಕ್ಕವನ್ನು ಅಚ್ಚು ಹಾಕಿದ್ದಾನೆ. 1831ರಿಂದ 1837ರವರೆಗೆ ಸಿಕ್ಕಿಬಿದ್ದವರು 3,266. ಗಲ್ಲಿಗೇರಿದವರು 412. ಪಿನಾಂಗ್ ಮೊದಲಾದ ಕಡೆಗೆ ಗಡೀಪಾರಾದವರು 1,059. ಮಾಫಿ ಸಾಕ್ಷಿಗಳಾದವರು 483. ಠಗ್ಗರ ಬಗ್ಗೆ ಲೋಕಕ್ಕೆ ಗೊತ್ತಿರುವುದರಲ್ಲಿ ಬಹುಪಾಲು ಈ 483 ಜನರ ಬಾಯಿಂದ ಬಂದದ್ದು. ರಾಧಿಕಾ ಸಿಂಘಾ, ಕಿಮ್ ವಾಗ್ನರ್ ಮೊದಲಾದ ಇತಿಹಾಸಕಾರರು ಆ ಹೇಳಿಕೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು, ಅವುಗಳ ಮೇಲೆ ಎಂಥ ಕಾನೂನು ಕಟ್ಟಲಾಯಿತು ಎಂದು ಕೆದಕಿದ್ದಾರೆ. ದಾರಿಯಲ್ಲಿ ಕೊಲೆಗಳು ನಡೆದದ್ದು ಸುಳ್ಳಲ್ಲ. ಇಡೀ ದೇಶಕ್ಕೆ ಹಬ್ಬಿದ, ಕಾಳಿಗೆ ಬಲಿ ಕೊಡುವ ಒಂದೇ ಗುಪ್ತ ಪಂಥ ಇತ್ತು ಎಂಬ ಚಿತ್ರ ಮಾತ್ರ ಕೇಳುವವರ ಪ್ರಶ್ನೆಗಳಿಂದಲೂ ಅಷ್ಟೇ ರೂಪುಗೊಂಡಿತು.

ಟೇಲರನ ಕೈಯಲ್ಲಿ ಈಗ ಸರಕು ಇತ್ತು. ಹೈದರಾಬಾದಿನಲ್ಲಿ ಕೂತವನು ಅದನ್ನು ಯಾರಿಗೆ ಕೊಡಬೇಕು? ಊರಿನಲ್ಲಿ ಕಾದಂಬರಿ ಕೊಳ್ಳುವ ಪ್ರಕಾಶಕ ಇರಲಿಲ್ಲ. ಕಾದಂಬರಿ ಎಂಬ ಪ್ರಕಾರವೇ ನಮ್ಮ ಭಾಷೆಗಳಿಗೆ ಇನ್ನೂ ಬಂದಿರಲಿಲ್ಲ. ಕನ್ನಡದಲ್ಲಿ, ಟೇಲರ್ ಮುಂಬಯಿಗೆ ಬಂದಿಳಿದ ಹಿಂದಿನ ವರ್ಷ, 1823ರಲ್ಲಿ, ಮೈಸೂರಿನ ಅರಮನೆಯ ಆಶ್ರಯದಲ್ಲಿದ್ದ ಕೆಂಪುನಾರಾಯಣ ‘ಮುದ್ರಾಮಂಜೂಷ’ ಬರೆದು ಗದ್ಯಕಥನಕ್ಕೆ ಹೊಸ ದಾರಿ ತೋರಿದ್ದ. ಆದರೆ ಅಚ್ಚಿನ ಮೊಳೆಗಳು ಇದ್ದದ್ದು ಬಳ್ಳಾರಿಯಂಥ ಕಡೆ ಮಿಷನರಿಗಳ ಬಳಿ. ಅಲ್ಲಿ ಅಚ್ಚಾಗುತ್ತಿದ್ದದ್ದು ಬೈಬಲ್ಲಿನ ಭಾಗಗಳು, ಧರ್ಮಪ್ರಚಾರದ ಕಿರುಹೊತ್ತಗೆಗಳು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾಗುವುದಕ್ಕೂ 1841 ಆಗಬೇಕಿತ್ತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅದೇ ಬಾಸೆಲ್ ಮಿಷನ್ನಿನಲ್ಲಿ ಅಚ್ಚಾಗಿ ಹೊರಬಂದದ್ದು 1899ರಲ್ಲಿ, ಟೇಲರನ ಪುಸ್ತಕಕ್ಕೆ ಸರಿಯಾಗಿ ಅರವತ್ತು ವರ್ಷಗಳ ನಂತರ. ಬೊಲ್ಲಾರಂನ ಆ ಕೈದಿಗಳಲ್ಲಿ ಒಬ್ಬನಿಗೆ ಅಕ್ಷರ ಬರುತ್ತಿತ್ತು, ತನ್ನ ಕತೆಯನ್ನು ತಾನೇ ಬರೆಯಬೇಕೆನಿಸಿತು ಎಂದುಕೊಂಡರೂ, ಅದನ್ನು ಒಯ್ಯಲು ಒಂದು ಬಾಗಿಲು ಇರಲಿಲ್ಲ.

ಟೇಲರನಿಗೆ ಬಾಗಿಲು ಇತ್ತು. ದೂರ ಇತ್ತು, ಅಷ್ಟೆ. ಮುಂಬಯಿಯಿಂದ ಸುಯೆಜ್‌ಗೆ ಮೊದಲ ಹಬೆ ಹಡಗು ‘ಹ್ಯೂ ಲಿಂಡ್ಸೆ’ ಹೊರಟದ್ದು 1830ರಲ್ಲಿ. ಆ ಸೌಕರ್ಯ ಇನ್ನೂ ಎಲ್ಲರಿಗೂ ಎಲ್ಲ ಕಾಲಕ್ಕೂ ಸಿಗುತ್ತಿರಲಿಲ್ಲ. ಆಫ್ರಿಕಾದ ತುದಿಯನ್ನು ಸುತ್ತಿಹೋಗುವ ಹಡಗಿನಲ್ಲಿ ಕಾಗದ ಹಾಕಿದರೆ ತಲುಪಲು ನಾಲ್ಕೈದು ತಿಂಗಳು, ಉತ್ತರ ಬರಲು ಮತ್ತಷ್ಟೇ. ಹೀಗೆ ಹೋದದ್ದು ಠಗ್ಗರ ಬಗ್ಗೆ ಟೇಲರ್ ಬರೆದ ಒಂದು ಲೇಖನ. ಅದು ಮನೆಯವರ ಮೂಲಕ ಎಡ್ವರ್ಡ್ ಬುಲ್ವರ್ ಕೈಗೆ ಬಂತು. ಬುಲ್ವರ್ ಆಗ ಹೆಸರಾಂತ ಕಾದಂಬರಿಕಾರ. ‘ನ್ಯೂ ಮಂತ್ಲಿ ಮ್ಯಾಗಜೀನ್’ನ ಸಂಪಾದಕನೂ ಆಗಿದ್ದವನು. ಲೇಖನ 1833ರಲ್ಲಿ ಆ ಪತ್ರಿಕೆಯಲ್ಲಿ ಬಂತು. ಅದಕ್ಕಿಂತ ದೊಡ್ಡ ಉಡುಗೊರೆ ಬುಲ್ವರ್ ಕಳಿಸಿದ ಒಂದು ಮಾತು. ಇಂಡಿಯಾದ ನೆಲ, ಜನ ನನಗೆ ಗೊತ್ತಿದ್ದರೆ ಇದರ ಮೇಲೆ ನಾನೇ ಕಾದಂಬರಿ ಬರೆಯುತ್ತಿದ್ದೆ. ಇವನೇ ಯಾಕೆ ಬರೆಯಬಾರದು ಎಂದು ಆತ ಕೇಳಿದ್ದ. ಕಾದಂಬರಿ ಹುಟ್ಟಿದ್ದು ಈ ಸಲಹೆಯಿಂದ ಎಂದು ಟೇಲರನೇ ಹೇಳಿಕೊಂಡಿದ್ದಾನೆ.

ಮೊದಲ ಕಾದಂಬರಿ ಬರೆಯುವ ಎಷ್ಟೋ ಜನರಿಗೆ ಸಿಗದೇ ಹೋಗುವುದು ಈ ಒಂದು ಮಾತು. ದೊಡ್ಡವರೊಬ್ಬರು ಹಸ್ತಪ್ರತಿ ಓದಿ ತಿದ್ದುವುದು ಆಮೇಲಿನ ವಿಷಯ. ನಿನ್ನ ಬಳಿ ಇರುವುದು ಕಾದಂಬರಿಯ ಸಾಮಗ್ರಿ ಎಂದು ಮೊದಲು ಯಾರಾದರೂ ಹೇಳಬೇಕಾಗುತ್ತದೆ. ಟೇಲರ್ ಅಷ್ಟು ಹೊತ್ತಿಗೆ ಅದನ್ನು ಸರ್ಕಾರಿ ವರದಿ ಎಂದುಕೊಂಡಿದ್ದ, ಹೆಚ್ಚೆಂದರೆ ಪತ್ರಿಕೆಗೆ ಒಂದು ಲೇಖನ.

ಬರೆಯುವಾಗ ಅವನ ಮುಂದೆ ಎರಡು ಮಾದರಿಗಳಿದ್ದವು ಎನ್ನಬಹುದು. 1824ರಲ್ಲಿ ಬಂದ ಜೇಮ್ಸ್ ಮೋರಿಯರನ ‘ಹಾಜಿ ಬಾಬಾ’, ಪರ್ಷಿಯಾದ ಒಬ್ಬ ಚಾಲಾಕಿಯ ಆತ್ಮಕಥೆಯ ವೇಷದಲ್ಲಿತ್ತು. 1826ರಲ್ಲಿ ಮುಂಬಯಿ ಸರ್ಕಾರದಲ್ಲಿ ಅಧಿಕಾರಿಯಾಗಿದ್ದ ಹಾಕ್ಲಿ, ತನ್ನ ಹೆಸರು ಹಾಕದೆ, ‘ಪಾಂಡುರಂಗ ಹರಿ’ ಎಂಬ ಕಾದಂಬರಿ ತಂದಿದ್ದ. ಅದೂ ಒಬ್ಬ ಹಿಂದೂವಿನ ಆತ್ಮಕಥನ. ಟೇಲರ್ ಅದೇ ಸಾಲಿನಲ್ಲಿ ಅಮೀರ್ ಅಲಿ ಎಂಬ ಠಗ್ಗನನ್ನು ಮಾತಾಡಲು ಕೂರಿಸಿದ. ಎದುರಿಗೆ ಒಬ್ಬ ‘ಸಾಹೇಬ’. ಅವನಿಗೆ ಹೆಸರಿಲ್ಲ, ಹೆಚ್ಚು ಮಾತೂ ಇಲ್ಲ. ಅಲ್ಲೊಮ್ಮೆ ಇಲ್ಲೊಮ್ಮೆ ಕೈದಿಯ ಕತೆಯನ್ನು ನಿಲ್ಲಿಸಿ, ಅವನ ಮುಖ ನೋಡಿ ಬೆಚ್ಚುತ್ತಾನೆ. ಉಳಿದದ್ದೆಲ್ಲ ಅಮೀರ್ ಅಲಿಯ ದನಿ.

ಅಮೀರ್ ಅಲಿ ಎಂಬವನು ನಿಜಕ್ಕೂ ಇದ್ದ ಎಂದೂ, 1832ರಲ್ಲಿ ತನಗೆ ಪರಿಚಯವಾದ ಮಾಫಿ ಸಾಕ್ಷಿ ಎಂದೂ ಪೀಠಿಕೆ ಹೇಳುತ್ತದೆ. 719 ಕೊಲೆಗಳಲ್ಲಿ ತಾನಿದ್ದೆ ಎಂದು ಆ ಮನುಷ್ಯ ಒಪ್ಪಿಕೊಂಡಿದ್ದ. ಹನ್ನೆರಡು ವರ್ಷ ಸೆರೆಯಲ್ಲಿ ಕಳೆಯದಿದ್ದರೆ ಸಾವಿರ ಮುಟ್ಟಿಸುತ್ತಿದ್ದೆ ಎಂದು ಕೊಚ್ಚಿಕೊಂಡಿದ್ದ ಎಂದೂ ಟೇಲರ್ ಬರೆಯುತ್ತಾನೆ. ಕಾದಂಬರಿಯ ಅಮೀರ್ ಅಲಿಯ ಬಾಳು ಇದಕ್ಕಿಂತ ಅಚ್ಚುಕಟ್ಟು. ಅವನ ತಂದೆತಾಯಿಯನ್ನು ಠಗ್ಗರು ಕೊಂದು, ಮಗುವನ್ನು ಮಾತ್ರ ಉಳಿಸಿ ಸಾಕುತ್ತಾರೆ. ಕೊಂದವನನ್ನೇ ಅಪ್ಪ ಎಂದುಕೊಂಡು ಬೆಳೆದವನು ಮುಂದೆ ಗೊತ್ತಿಲ್ಲದೆ ತನ್ನ ಒಡಹುಟ್ಟಿದ ತಂಗಿಯನ್ನೇ ಕೊಲ್ಲುತ್ತಾನೆ. ಗುಂಪು ಹೈದರಾಬಾದಿಗೆ ಬರುವ ಅಧ್ಯಾಯಗಳು ಪುಸ್ತಕದ ಜೀವ. ಚಾರ್‌ಮಿನಾರಿನ ಸುತ್ತಲಿನ ಗಿಜಿಗುಡುವ ಬೀದಿ, ಸಾಹುಕಾರರ ವ್ಯವಹಾರ, ಅಜೀಮಾ ಎಂಬ ಹೆಣ್ಣಿನ ಜೊತೆ ಓಡಿಹೋಗುವ ಪ್ರಸಂಗ. ಪಾಮರ್ ಮನೆಯ ಅಳಿಯನಿಗೆ ಆ ಊರು ಎಷ್ಟು ಒಳಗಿನಿಂದ ಗೊತ್ತಿತ್ತು ಎಂಬುದು ಅಲ್ಲಿ ಕಾಣುತ್ತದೆ. ಕೊಲೆಗಳ ವರ್ಣನೆ ನಾಲ್ಕನೆಯದರ ಹೊತ್ತಿಗೆ ಬೇಸರ ತರಿಸುತ್ತದೆ. ಊರಿನ ವರ್ಣನೆ ತರಿಸುವುದಿಲ್ಲ.

ಭಾಷೆಯ ಕಡೆಯಿಂದ ನೋಡಿದರೆ ಈ ಪುಸ್ತಕ ಒಂದು ವಿಚಿತ್ರ ವಸ್ತು. ಇದು ಮೂಲವೇ ಇಲ್ಲದ ಅನುವಾದ. ಕೈದಿ ಹಿಂದುಸ್ತಾನಿಯಲ್ಲಿ ಹೇಳಿದ. ಕೇಳಿದವನು ಇಂಗ್ಲಿಷಿನಲ್ಲಿ ಬರೆದ. ಹೇಳಿದ ಮಾತು ಹೇಳಿದಲ್ಲೇ ಕರಗಿಹೋಯಿತು. ಉಳಿದದ್ದು ಟೇಲರ್ ಇಂಗ್ಲಿಷಿಗೆ ತರದೆ ಹಾಗೇ ಬಿಟ್ಟ ಕೆಲವು ಪದಗಳು. ಕತ್ತು ಬಿಗಿಯುವವನು ಭುತ್ತೋಟ್, ಪ್ರಯಾಣಿಕರನ್ನು ನಂಬಿಸಿ ಕರೆತರುವವನು ಸೋಥಾ, ಗುಂಡಿ ತೋಡುವವನು ಲುಘಾಯಿ, ಕೊಲ್ಲು ಎಂಬ ಸಂಕೇತ ಝಿರ್ನಿ. ಆ ಸಂಕೇತ ತಂಬಾಕು ತಾ ಎನ್ನುವಷ್ಟು ಸಾದಾ ಮಾತಾಗಿರುತ್ತಿತ್ತು. ಸ್ಲೀಮನ್ 1836ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ ‘ರಾಮಾಸೀಯಾನ’ ಇಂಥ ಪದಗಳ ಕೋಶವೇ. ಕನ್ನಡವೂ ಈ ದಾಖಲೆಗಳ ಒಂದು ಮೂಲೆಯಲ್ಲಿದೆ. ಮದರಾಸಿನ ವೈದ್ಯ ರಿಚರ್ಡ್ ಶೆರ್‌ವುಡ್ 1816ರಲ್ಲೇ ದಕ್ಷಿಣದ ಫಾಸಿಗಾರರ ಬಗ್ಗೆ ಬರೆದ ಲೇಖನದಲ್ಲಿ ಅವರಿಗೆ ಕನ್ನಡದಲ್ಲಿ ‘ತಂತಿ ಕಳ್ಳರು’ ಎನ್ನುತ್ತಾರೆ ಎಂದು ಗುರುತು ಹಾಕಿಕೊಂಡಿದ್ದ. ತಂತಿಯ ಕುಣಿಕೆ ಹಾಕುವ ಕಳ್ಳರು. ಜನ ಕಂಡದ್ದಕ್ಕೆ ಜನ ಇಟ್ಟ ಹೆಸರು. ಅದರಲ್ಲಿ ಪಂಥವೂ ಇಲ್ಲ, ದೇವಿಯೂ ಇಲ್ಲ. ‘ಠಗ್’ ಎಂಬುದಕ್ಕೆ ಹತ್ತಿರದ ನಮ್ಮ ಮಾತು ‘ಠಕ್ಕ’. ಮಕ್ಕಳ ಕತೆಯ ನರಿಗೂ ನಾವು ಹಚ್ಚುವ ವಿಶೇಷಣ ಅದು. ಮೋಸಗಾರ ಎಂಬಷ್ಟೇ ಅರ್ಥದ ಆ ಪದ ಇಂಗ್ಲಿಷಿಗೆ ಹೋಗಿ ರಕ್ತ ಮೆತ್ತಿಕೊಂಡಿತು.

ಟೇಲರನ ಬೆನ್ನಿಗೆ ಜ್ವರ ಅಂಟಿಕೊಂಡಿತ್ತು. ದೀರ್ಘ ರಜೆ ಸಿಕ್ಕಿ 1830ರ ದಶಕದ ಕೊನೆಗೆ ಇಂಗ್ಲೆಂಡಿಗೆ ಹೋದ. ರಜೆ ಸಿಗದಿದ್ದರೆ ಪುಸ್ತಕ ಬರುತ್ತಿತ್ತೇ ಎಂಬುದು ಅನುಮಾನ. ಹೈದರಾಬಾದಿನಲ್ಲಿ ಕೂತು ಲಂಡನ್ನಿನ ಪ್ರಕಾಶಕನ ಜೊತೆ ಕಾಗದದಲ್ಲಿ ವ್ಯವಹರಿಸುವುದೆಂದರೆ ಒಂದು ಪ್ರಶ್ನೆಗೆ ಒಂದು ವರ್ಷ.

ಪ್ರಕಾಶಕ ರಿಚರ್ಡ್ ಬೆಂಟ್ಲಿ. ಲಂಡನ್ನಿನ ನ್ಯೂ ಬರ್ಲಿಂಗ್ಟನ್ ಬೀದಿಯ ಈತ ಆ ದಶಕದ ಗಟ್ಟಿ ಕುಳ. ಬುಲ್ವರನ ‘ಲಾಸ್ಟ್ ಡೇಸ್ ಆಫ್ ಪಾಂಪೈ’ ಹೊರತಂದವನು ಇವನೇ. ‘ಬೆಂಟ್ಲೀಸ್ ಮಿಸಲನಿ’ ಎಂಬ ಮಾಸಪತ್ರಿಕೆಯನ್ನು 1837ರಲ್ಲಿ ಶುರುಮಾಡಿ, ಅದರ ಸಂಪಾದಕತ್ವವನ್ನು ಚಾರ್ಲ್ಸ್ ಡಿಕನ್ಸ್ ಎಂಬ ತರುಣನಿಗೆ ಕೊಟ್ಟಿದ್ದ. ‘ಆಲಿವರ್ ಟ್ವಿಸ್ಟ್’ ಧಾರಾವಾಹಿಯಾಗಿ ಬಂದದ್ದು ಅಲ್ಲೇ. ಬೆಂಟ್ಲಿಯ ಪಟ್ಟಿಯನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಹೈದರಾಬಾದಿನ ಅಪರಿಚಿತ ಕ್ಯಾಪ್ಟನ್ನನ ಹಸ್ತಪ್ರತಿಯನ್ನು ಅವನು ಏಕೆ ತೆಗೆದುಕೊಂಡ ಎಂದು ತಿಳಿಯುತ್ತದೆ. ದರೋಡೆಗಾರನೊಬ್ಬ ಬರುವ ಐನ್ಸ್‌ವರ್ತನ ‘ರೂಕ್‌ವುಡ್’ 1834ರಲ್ಲಿ. ಜೇಬುಗಳ್ಳರ ‘ಆಲಿವರ್ ಟ್ವಿಸ್ಟ್’ ಆಮೇಲೆ. ಸೆರೆಮನೆ ಒಡೆದು ಓಡುವ ಕಳ್ಳನ ‘ಜ್ಯಾಕ್ ಶೆಪರ್ಡ್’ 1839ರಲ್ಲಿ. ಲಂಡನ್ನಿಗೆ ಆಗ ಅಪರಾಧಿಗಳ ಕತೆಯ ಹುಚ್ಚು ಹಿಡಿದಿತ್ತು. ಊರಿನ ಕಳ್ಳರನ್ನೆಲ್ಲ ಓದಿ ಮುಗಿಸಿದವರ ಮುಂದೆ, 719 ಕೊಲೆ ಮಾಡಿದೆ ಎನ್ನುವ ಪರದೇಶದ ಕೊಲೆಗಾರ ಬಂದು ನಿಂತ. ಇಂಡಿಯಾದ ಬಗ್ಗೆ ಯಾವ ಕುತೂಹಲವೂ ಇಲ್ಲದವನಿಗೂ ಈ ಪುಸ್ತಕ ಬೇಕಾಗಿತ್ತು.

ಹೊತ್ತೂ ಸರಿಯಾಗಿತ್ತು. ಮರುವರ್ಷ ಲಂಡನ್ನಿನಲ್ಲಿ ಕೂರ್ವೋಸಿಯೇ ಎಂಬ ಸೇವಕ ತನ್ನ ಧಣಿ ಲಾರ್ಡ್ ರಸೆಲ್‌ನ ಕತ್ತು ಕೊಯ್ದ. ‘ಜ್ಯಾಕ್ ಶೆಪರ್ಡ್’ ಓದಿಯೇ ಅವನು ಕೆಟ್ಟ ಎಂದು ಗುಲ್ಲೆದ್ದಿತು. ಅಪರಾಧದ ಕಾದಂಬರಿಗಳ ಮೇಲೆ ಮರ್ಯಾದಸ್ಥರ ಕಣ್ಣು ಕೆಂಪಾಯಿತು. ಟೇಲರ್ ಒಂದೆರಡು ವರ್ಷ ತಡಮಾಡಿದ್ದರೆ ಬೆಂಟ್ಲಿ ಎರಡು ಬಾರಿ ಯೋಚಿಸುತ್ತಿದ್ದ.

ಪುಸ್ತಕ ಮೂರು ಸಂಪುಟಗಳಲ್ಲಿ ಬಂತು. ಆ ಕಾಲದ ಕಾದಂಬರಿಗಳ ರೂಢಿಯೇ ಅದು. ಮೂರು ಸಂಪುಟಗಳ ಕಟ್ಟಿಗೆ 31 ಶಿಲ್ಲಿಂಗ್ 6 ಪೆನ್ಸ್ ಎಂಬುದು ಆಗಿನ ರೂಢಿಯ ಬೆಲೆ. ನಮ್ಮ ಲೆಕ್ಕಕ್ಕೆ ಸುಮಾರು 15 ರೂಪಾಯಿ. ಕಂಪನಿಯ ಸಿಪಾಯಿಯ ತಿಂಗಳ ಸಂಬಳ 7 ರೂಪಾಯಿ ಇದ್ದ ಕಾಲ. ಇಂಗ್ಲೆಂಡಿನಲ್ಲೂ ಅದನ್ನು ಕೊಂಡು ಓದುವವರು ಕಡಿಮೆ. ಚಂದಾ ಕಟ್ಟಿ ಪುಸ್ತಕ ಒಯ್ಯುವ ಖಾಸಗಿ ಲೈಬ್ರರಿಗಳು ಕೊಳ್ಳುತ್ತಿದ್ದವು. ಮೂರು ಸಂಪುಟಗಳಿದ್ದರೆ ಒಂದೇ ಕಾದಂಬರಿಯನ್ನು ಒಂದೇ ಸಲಕ್ಕೆ ಮೂವರಿಗೆ ಕೊಡಬಹುದಾಗಿತ್ತು. ಅಮೀರ್ ಅಲಿಯ ಕತೆ ಅಷ್ಟು ಉದ್ದವಾಗಿರುವುದಕ್ಕೆ, ದಾರಿಯ ಮೇಲೆ ದಾರಿ, ಕೊಲೆಯ ಮೇಲೆ ಕೊಲೆ ಬರುವುದಕ್ಕೆ, ಠಗ್ಗರ ಬಾಳಿನಷ್ಟೇ ಈ ಲೈಬ್ರರಿ ವ್ಯಾಪಾರವೂ ಕಾರಣವಾಗಿರಬಹುದು.

ಮುಖಪುಟದಲ್ಲಿ ಕ್ಯಾಪ್ಟನ್ ಮೆಡೋಸ್ ಟೇಲರ್ ಎಂದಿತ್ತು. ಜೊತೆಗೆ, ನಿಜಾಮರ ಸೇವೆಯಲ್ಲಿರುವವನು ಎಂಬ ವಿವರ. ಭಾರತದಲ್ಲಿ ಕೀಳರಿಮೆ ತಂದ ಅದೇ ನೌಕರಿ ಲಂಡನ್ನಿನಲ್ಲಿ ಯೋಗ್ಯತಾಪತ್ರವಾಯಿತು: ಈ ಮನುಷ್ಯ ಅಲ್ಲಿದ್ದವನು, ಕಂಡವನು. ಬ್ರಿಟನ್ನಿನ 1814ರ ಕಾಯ್ದೆಯ ಪ್ರಕಾರ ಪುಸ್ತಕದ ಹಕ್ಕು 28 ವರ್ಷ, ಅಥವಾ ಕರ್ತೃ ಅದಕ್ಕಿಂತ ಹೆಚ್ಚು ಬದುಕಿದ್ದರೆ ಅವನ ಜೀವಮಾನವಿಡೀ. ಬಾಯಿಬಿಟ್ಟು ಕತೆ ಹೇಳಿದವನಿಗೆ ಯಾವ ಕಾಯ್ದೆಯಲ್ಲೂ ಜಾಗವಿರಲಿಲ್ಲ. ಅವನಿಗೆ ಸಂದ ಸಂಭಾವನೆ ಒಂದೇ, ನೇಣು ತಪ್ಪಿದ್ದು. ಟೇಲರನನ್ನು ಈ ಕಾರಣಕ್ಕೆ ಜರಿಯುವುದು ಸುಲಭ. ಆದರೆ ಅವನು ಆ ಮನುಷ್ಯನನ್ನು ಮರೆಮಾಚಲಿಲ್ಲ, ಪೀಠಿಕೆಯಲ್ಲೇ ತಂದು ನಿಲ್ಲಿಸಿದ. ಅಲ್ಲದೆ ಕಾದಂಬರಿಯಲ್ಲಿ ಅಮೀರ್ ಅಲಿ ಪಶುವಲ್ಲ. ಮಗನನ್ನು ಕಳೆದುಕೊಂಡು ಅಳುತ್ತಾನೆ, ಹೆಂಡತಿಗೆ ಹೆದರುತ್ತಾನೆ, ತನ್ನ ಮಾತಿನ ಚಮತ್ಕಾರಕ್ಕೆ ತಾನೇ ಮೆಚ್ಚಿಕೊಳ್ಳುತ್ತಾನೆ. ಸರ್ಕಾರಿ ದಾಖಲೆಯಲ್ಲಿ ಅವನಂಥವರಿಗೆ ಇಷ್ಟು ಜಾಗ ಸಿಕ್ಕಿರಲಿಲ್ಲ.

ಪುಸ್ತಕ ಓಡಿತು. ಇಪ್ಪತ್ತರ ಹರೆಯದ ರಾಣಿ ವಿಕ್ಟೋರಿಯಾ ಪೂರ್ತಿ ಪುಸ್ತಕಕ್ಕೆ ಕಾಯಲಾರದೆ, ತಿದ್ದುಪಡಿಯಾದ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂಬ ಮಾತು ಈ ಕಾದಂಬರಿಯ ಜೊತೆಗೇ ನಡೆದುಬಂದಿದೆ. ಅದೇ 1839ರ ಕೊನೆಗೆ ಥಾಮಸ್ ಕಾರ್ಲೈಲ್ ‘ಚಾರ್ಟಿಸಂ’ ಎಂಬ ಪುಸ್ತಿಕೆಯಲ್ಲಿ ಗ್ಲಾಸ್ಗೋದ ಕಾರ್ಮಿಕರ ಹಿಂಸಾಕೃತ್ಯವನ್ನು ಠಗ್ಗರ ಹೆಸರು ಹಚ್ಚಿ ಕರೆದ. ಪದ ಇಂಗ್ಲೆಂಡಿನ ಬೀದಿಗೆ ಇಳಿದಾಗಿತ್ತು. ಠಗ್ಗರನ್ನು ಸದೆಬಡಿದ ಕಂಪನಿ ಪ್ರಜೆಗಳ ರಕ್ಷಕ ಎಂಬ ನಂಬಿಕೆಯನ್ನು ಇಂಗ್ಲಿಷ್ ಮನೆಗಳ ಬೈಠಕ್ಕಿಗೆ ತಲುಪಿಸಿದ್ದೂ ವರದಿಗಳಿಗಿಂತ ಹೆಚ್ಚಾಗಿ ಈ ಕಾದಂಬರಿಯೇ. ಹುಟ್ಟಿನಿಂದಲೇ ಅಪರಾಧಿಗಳಾದ ಜನ ಇರುತ್ತಾರೆ ಎಂಬ ಆಲೋಚನೆ ಹೀಗೆ ಗಟ್ಟಿಯಾಗುತ್ತಾ ಹೋಗಿ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದಾಗ ಅದರ ಪೆಟ್ಟು ತಿಂದವರು ಊರೂರು ಅಲೆದು ಬದುಕುವ ಸಮುದಾಯಗಳು. ಅಮೀರ್ ಅಲಿಯನ್ನು ಮನುಷ್ಯನನ್ನಾಗಿ ಬರೆದ ಪುಸ್ತಕವೇ ಅವನ ಜಾತಿಯವರೆಂದು ಗುರುತಿಸಲ್ಪಟ್ಟವರನ್ನು ಮನುಷ್ಯರಂತೆ ಕಾಣದಿರಲು ನೆರವಾಯಿತು.

ಬೆಂಟ್ಲಿ ಮರುವರ್ಷವೇ ಎರಡನೆಯ ಕಾದಂಬರಿ ತಂದ. ಅದು ‘ಟಿಪ್ಪೂ ಸುಲ್ತಾನ್’, 1840. ‘ಟೈಮ್ಸ್’ ಪತ್ರಿಕೆಗೆ ಭಾರತದಿಂದ ಬರೆಯುವ ಕೆಲಸವೂ ಸಿಕ್ಕಿತು. ಮೊದಲ ಪುಸ್ತಕ ಗೆದ್ದ ಲೇಖಕನಿಗೆ ಇನ್ನೇನು ಬೇಕು? ಲಂಡನ್ನಿನಲ್ಲೇ ಉಳಿಯಬಹುದಿತ್ತು. ಆದರೆ ಪುಸ್ತಕದಿಂದ ಸಂಸಾರ ನಡೆಯುವ ಹಾಗಿರಲಿಲ್ಲ. ರಜೆ ಮುಗಿಸಿ ಹೈದರಾಬಾದಿಗೆ ಮರಳಿದ. ಅಲ್ಲಿಂದ ಅವನನ್ನು ಕಳಿಸಿದ್ದು ಸುರಪುರಕ್ಕೆ. ಮೂರನೆಯ ಕಾದಂಬರಿ ‘ತಾರಾ’ ಅಚ್ಚಾದದ್ದು 1863ರಲ್ಲಿ. ನಡುವಿನ ಎರಡು ದಶಕಗಳಲ್ಲಿ ಒಂದು ಕಾದಂಬರಿಯೂ ಹೊರಬರಲಿಲ್ಲ.

ಸುರಪುರ ಬೇಡ ನಾಯಕರ ಸಂಸ್ಥಾನ. ರಾಜ ವೆಂಕಟಪ್ಪ ನಾಯಕ ಆಗ ಚಿಕ್ಕ ಬಾಲಕ. ರಾಣಿ ಈಶ್ವರಮ್ಮ, ಬಂಧುಗಳು, ಸಾಲಗಾರರು, ನಿಜಾಮನ ಕಪ್ಪಬಾಕಿ, ಎಲ್ಲ ಸಿಕ್ಕುಸಿಕ್ಕಾಗಿತ್ತು. ಟೇಲರ್ 1853ರವರೆಗೆ ಅಲ್ಲಿದ್ದು ಆಡಳಿತ ನಡೆಸಿದ. ಮೇರಿ ತೀರಿಕೊಂಡದ್ದು ಆ ವರ್ಷಗಳಲ್ಲೇ. ಹುಡುಗ ಅವನ ಕಣ್ಣೆದುರು ಬೆಳೆದ. ‘ಅಪ್ಪಾ’ ಎಂದು ಕರೆಯುತ್ತಿದ್ದ. ಪ್ರಾಯಕ್ಕೆ ಬಂದ ರಾಜನಿಗೆ ಸಂಸ್ಥಾನ ಒಪ್ಪಿಸಿ ಟೇಲರ್ ಬೇರೆ ಸೀಮೆಗೆ ಹೋದ.

1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು, ಸೋತಿತು. ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋದ. ಅಲ್ಲಿ ಸೆರೆಯಾದ. ರೆಸಿಡೆಂಟ್ ಡೇವಿಡ್‌ಸನ್ ಟೇಲರನನ್ನು ಸೆರೆಮನೆಗೆ ಹೋಗಿ ಬರುವಂತೆ ಬಿಟ್ಟ. ಕಾಲು ಶತಮಾನದ ಹಿಂದೆ ಬೊಲ್ಲಾರಂನಲ್ಲಿ ಕೂತಂತೆಯೇ ಟೇಲರ್ ಮತ್ತೆ ಒಬ್ಬ ಕೈದಿಯ ಎದುರು ಕೂತ. ಈ ಬಾರಿ ಕೈದಿ ಅವನನ್ನು ಅಪ್ಪಾ ಎನ್ನುತ್ತಿದ್ದ. ಬಂಡಾಯಕ್ಕೆ ಹುರಿದುಂಬಿಸಿದವರ ಹೆಸರು ಹೇಳಿದರೆ ಒಳ್ಳೆಯದಾಗಬಹುದಿತ್ತು. ಮಾಫಿ ಸಾಕ್ಷಿಯ ದಾರಿ ಇಲ್ಲೂ ತೆರೆದೇ ಇತ್ತು. ವೆಂಕಟಪ್ಪ ಹೆಸರು ಹೇಳಲು ಒಪ್ಪಲಿಲ್ಲ. ಪ್ರಾಣಭಿಕ್ಷೆ ಬೇಡಲೂ ಒಪ್ಪಲಿಲ್ಲ. ಕೊಲ್ಲುವುದಾದರೆ ಕಳ್ಳನಂತೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಎಂದು ಕೇಳಿಕೊಂಡ ಎಂದು ಟೇಲರ್ ಬರೆದಿದ್ದಾನೆ. ಮರಣದಂಡನೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಮದರಾಸಿನ ಹತ್ತಿರದ ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ ರಾಜ ಗುಂಡೇಟಿನಿಂದ ಸತ್ತ. ತಾನೇ ಹೊಡೆದುಕೊಂಡ ಎಂಬುದು ಬ್ರಿಟಿಷರ ದಾಖಲೆ.

ಟೇಲರ್ ನಿವೃತ್ತನಾದ ಮೇಲೆ ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಬರೆದ. ಕೊನೆಗೆ ಚಾಂದ್ ಬೀಬಿಯ ಮೇಲೂ ಒಂದು ಕಾದಂಬರಿ ಬರೆದ. ವೆಂಕಟಪ್ಪ ನಾಯಕನನ್ನು ನಾಯಕನಾಗಿಟ್ಟು ಬರೆಯಲಿಲ್ಲ. ಆ ಭೇಟಿಯ ಕತೆ ಇರುವುದು ಆತ್ಮಕಥೆಯ ಕೆಲವು ಪುಟಗಳಲ್ಲಿ ಮಾತ್ರ. 1875ರಲ್ಲಿ, ಕಣ್ಣು ಮಂಜಾಗುತ್ತಿದ್ದ ಕಾಲದಲ್ಲಿ, ಅವನು ಇನ್ನೊಮ್ಮೆ ಹೈದರಾಬಾದಿಗೆ ಬಂದುಹೋದ. ಮರಳುವ ದಾರಿಯಲ್ಲಿ, 1876ರ ಮೇ ತಿಂಗಳಲ್ಲಿ, ಫ್ರಾನ್ಸಿನ ಮಾಂಟೋನಿನಲ್ಲಿ ತೀರಿಕೊಂಡ. ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಅಚ್ಚಿಗೆ ಕೊಟ್ಟಳು.